ನಾಜಿಯಾ ಹಸನ್ ಹಾಡುಗಳ ಸಂಜೆ: ನಡೆಸುವ ಬಗೆ

ಗಾಯಕಿಯೊಬ್ಬಳ ಬಗ್ಗೆ ಭಾಷಣ ಮಾಡುವುದು ಕಷ್ಟದ ಕೆಲಸವಲ್ಲ. ಹುಟ್ಟಿದ ವರ್ಷ, ಪ್ರಶಸ್ತಿಗಳ ಪಟ್ಟಿ, ತೀರಿಕೊಂಡ ದಿನ, ನಡುವೆ ನಾಲ್ಕು ಹೊಗಳಿಕೆ; ಮುಗಿಯಿತು. ಆಕೆ ಬಂದದ್ದರಿಂದ ಏನು ಬದಲಾಯಿತು ಎಂಬುದನ್ನು ಮಾತಿಲ್ಲದೆ ಕಿವಿಗೇ ತೋರಿಸಿಕೊಡುವುದಕ್ಕೆ ಮಾತ್ರ ಸ್ವಲ್ಪ ತಯಾರಿ ಬೇಕು. ನಾನು ದಾವಣಗೆರೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು. ಅಂಗಡಿ ಮುಚ್ಚಿದ ಮೇಲೆ ನಮ್ಮ ಬಡಾವಣೆಯ ವಾಚನಾಲಯದ ಮಹಡಿಯಲ್ಲಿ ಆಗಾಗ ಜನರನ್ನು ಕೂರಿಸಿ ಹಾಡು ಕೇಳಿಸುತ್ತೇನೆ. ಬೇರೆ ಊರಿನವರು ನನ್ನನ್ನು ಹೆಚ್ಚಾಗಿ ಕೇಳುವುದು ಪಾಕಿಸ್ತಾನದ ಪಾಪ್ ಗಾಯಕಿ ನಾಜಿಯಾ ಹಸನ್ ಸಂಜೆಯ ಬಗ್ಗೆ. ಅದನ್ನು ನಡೆಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಂದೂವರೆ ಗಂಟೆ ಸಮಯ, ಏಳೆಂಟು ಹಾಡು, ಒಂದು ಒಳ್ಳೆಯ ಸ್ಪೀಕರ್ ಇದ್ದರೆ ಯಾರು ಬೇಕಾದರೂ ನಡೆಸಬಹುದು.

ಮೊದಲು ನಿಮ್ಮ ಜೇಬಿನಲ್ಲಿರಬೇಕಾದ ವಿವರಗಳು. ನಾಜಿಯಾ ಹುಟ್ಟಿದ್ದು 1965ರ ಏಪ್ರಿಲ್ 3ರಂದು, ಕರಾಚಿಯಲ್ಲಿ. ಬೆಳೆದದ್ದು ಕರಾಚಿ ಮತ್ತು ಲಂಡನ್ ಎರಡೂ ಕಡೆ. 1980ರ ಹಿಂದಿ ಚಿತ್ರ ‘ಕುರ್ಬಾನಿ’ಗೆ ‘ಆಪ್ ಜೈಸಾ ಕೋಯಿ’ ಹಾಡಿದಾಗ ಇನ್ನೂ ಶಾಲೆಯ ಹುಡುಗಿ. ಆ ಹಾಡಿಗೆ 1981ರಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕಿ ಎಂಬ ಫಿಲ್ಮ್‌ಫೇರ್ ಪ್ರಶಸ್ತಿ ಬಂದಾಗ ವಯಸ್ಸು 15. ಆಮೇಲೆ ತಮ್ಮ ಜೋಹೇಬ್ ಜೊತೆಗೂಡಿ ಐದು ಆಲ್ಬಂ: 1981ರಲ್ಲಿ ‘ಡಿಸ್ಕೋ ದೀವಾನೆ’, 1982ರಲ್ಲಿ ‘ಬೂಮ್ ಬೂಮ್’, 1984ರಲ್ಲಿ ‘ಯಂಗ್ ತರಂಗ್’, 1987ರಲ್ಲಿ ‘ಹಾಟ್‌ಲೈನ್’, 1992ರಲ್ಲಿ ‘ಕ್ಯಾಮೆರಾ ಕ್ಯಾಮೆರಾ’. ಇಷ್ಟೇ. ಹಾಡುವುದನ್ನು ಆಕೆ ಪೂರ್ಣಾವಧಿ ಉದ್ಯೋಗ ಮಾಡಿಕೊಳ್ಳಲಿಲ್ಲ. ಲಂಡನ್ನಿನಲ್ಲಿ ಕಾನೂನು ಓದಿದರು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು. 2000ದ ಆಗಸ್ಟ್ 13ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ಲಂಡನ್ನಿನಲ್ಲಿ ತೀರಿಕೊಂಡರು.

ಈ ಕೊನೆಯ ವಾಕ್ಯವನ್ನು ಕಾರ್ಯಕ್ರಮದ ಆರಂಭದಲ್ಲಿ ಹೇಳಬೇಡಿ. 35ಕ್ಕೇ ಹೋದರು ಎಂದು ಮೊದಲೇ ಹೇಳಿದಿರೋ, ಆಮೇಲೆ ಕೇಳಿಸುವ ಹಾಡೆಲ್ಲ ಶ್ರದ್ಧಾಂಜಲಿ ಸಭೆಯ ಹಾಡಾಗುತ್ತದೆ. ಡಿಸ್ಕೋ ಕೇಳುವವರು ಮುಖ ಸಣ್ಣದು ಮಾಡಿಕೊಂಡು ಕೂರುವುದು ಆಕೆಗೆ ಮಾಡುವ ಅನ್ಯಾಯ.

ಸ್ಪೀಕರ್ ವಿಷಯ

ಇದನ್ನು ಬಹಳ ಜನ ಕಡೆಗಣಿಸುತ್ತಾರೆ. ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ತಂದು ಮೇಜಿನ ಮೇಲಿಟ್ಟರೆ ನಾಜಿಯಾರ ಹಾಡಿನಲ್ಲಿ ಅರ್ಧ ಭಾಗ ಕಾಣೆಯಾಗುತ್ತದೆ. ಈ ಸಂಗೀತ ನಿಂತಿರುವುದೇ ಕೆಳಗಿನ ಎರಡು ಕಂಬಗಳ ಮೇಲೆ, ಬೇಸ್ ಗಿಟಾರ್ ಮತ್ತು ಕಾಲಿನಿಂದ ತುಳಿದು ಬಾರಿಸುವ ಕಿಕ್ ಡ್ರಮ್. ಅವು ಎದೆಗೆ ತಾಗಬೇಕು. ದೊಡ್ಡ ಸ್ಪೀಕರ್ ಬಾಡಿಗೆಗೆ ತರಲು ಹಣವಿಲ್ಲದಿದ್ದರೆ ಇರುವುದನ್ನೇ ನೆಲದ ಮೇಲೆ, ಗೋಡೆಯ ಮೂಲೆಗೆ ಹತ್ತಿರವಾಗಿಡಿ. ತಗ್ಗು ಸ್ವರ ತಾನಾಗಿ ದಪ್ಪವಾಗುತ್ತದೆ. ಆಂಪ್ಲಿಫೈಯರ್‌ನಲ್ಲಿ ಟ್ರೆಬಲ್, ಅಂದರೆ ಎತ್ತರದ ಸ್ವರಗಳನ್ನು, ಏರಿಸಿ ಚುರುಕು ತರುವ ಹಳೆಯ ಚಾಳಿ ಇದ್ದರೆ ಬಿಡಿ. ಆಕೆಯ ಧ್ವನಿ ಮೊದಲೇ ತೆಳು ಮತ್ತು ಸ್ವಲ್ಪ ಮೂಗಿನದು. ಟ್ರೆಬಲ್ ಏರಿಸಿದರೆ ಕಿವಿ ಚುಚ್ಚುತ್ತದೆ.

ಹಾಡುಗಳನ್ನು ಎಲ್ಲಿಂದ ತೆಗೆದುಕೊಂಡರೂ ಮೂಲ ಮುದ್ರಣವೇ ಎಂದು ಖಚಿತಪಡಿಸಿಕೊಳ್ಳಿ. ಅಂತರ್ಜಾಲದಲ್ಲಿ ವೇಗ ಹೆಚ್ಚಿಸಿದ, ಹೊಸ ಡ್ರಮ್ ಸೇರಿಸಿದ ಪ್ರತಿಗಳು ಬೇಕಾದಷ್ಟಿವೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ, ಆಮೇಲೆ ತನ್ನಿ. ಟಿಕೆಟ್ ಇಟ್ಟು ದೊಡ್ಡ ಸಭಾಂಗಣದಲ್ಲಿ ನಡೆಸುವ ಆಲೋಚನೆಯಿದ್ದರೆ ಹಾಡುಗಳ ಹಕ್ಕು ನೋಡಿಕೊಳ್ಳುವ ಪಿಪಿಎಲ್ ಮತ್ತು ಐಪಿಆರ್‌ಎಸ್ ಸಂಸ್ಥೆಗಳ ಪರವಾನಗಿಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು: ಪ್ರೊಜೆಕ್ಟರ್ ತರಬೇಡಿ. ತಂದರೂ ನಾಜಿಯಾರ ಮೊದಲ ಹಾಡಿಗೆ ಹಚ್ಚಬೇಡಿ. ‘ಆಪ್ ಜೈಸಾ ಕೋಯಿ’ಯ ದೃಶ್ಯದಲ್ಲಿರುವುದು ಜೀನತ್ ಅಮಾನ್. ಅವರು ತೆರೆಯ ಮೇಲೆ ಬಂದರೆ ಕಿವಿ ತನ್ನ ಕೆಲಸ ಬಿಟ್ಟು ಕಣ್ಣಿನ ಹಿಂದೆ ಹೋಗುತ್ತದೆ. ನಮ್ಮಲ್ಲಿ ಒಮ್ಮೆ ದೃಶ್ಯ ಬೇಕೇಬೇಕು ಎಂದು ಹುಡುಗರು ಹಟ ಹಿಡಿದು ಹಚ್ಚಿಸಿದರು. ಹಾಡು ಮುಗಿದ ಮೇಲೆ ಗಾಯಕಿಯ ಧ್ವನಿ ಹೇಗಿತ್ತು ಎಂದು ಕೇಳಿದೆ. ಉತ್ತರವಾಗಿ ಬಂದದ್ದು ಉಡುಪಿನ ಬಣ್ಣ.

ಮೊದಲ ಇಪ್ಪತ್ತು ನಿಮಿಷ

ಮೊದಲು ಕೇಳಿಸಬೇಕಾದದ್ದು ನಾಜಿಯಾರ ಹಾಡಲ್ಲ, ಅದೇ ‘ಕುರ್ಬಾನಿ’ಯ ‘ಲೈಲಾ ಓ ಲೈಲಾ’. ಕಲ್ಯಾಣ್‌ಜಿ–ಆನಂದ್‌ಜಿ ಸಂಗೀತ, ಕಾಂಚನ್ ಮತ್ತು ಅಮಿತ್ ಕುಮಾರ್ ಧ್ವನಿ. ಬಹಳ ಒಳ್ಳೆಯ ಹಾಡು, ಯಾರೂ ಸುಮ್ಮನೆ ಕೂರುವುದಿಲ್ಲ. ಪೂರ್ತಿ ಕೇಳಿಸಿ. ಅದು ಮುಗಿದ ತಕ್ಷಣ, ಏನೂ ಮಾತಾಡದೆ, ‘ಆಪ್ ಜೈಸಾ ಕೋಯಿ’ ಹಚ್ಚಿ.

ಎರಡೂ ಒಂದೇ ಚಿತ್ರದವು, ಒಂದೇ ವರ್ಷದವು, ಎರಡೂ ಕುಣಿಸುವ ಹಾಡುಗಳು. ಆದರೂ ಎರಡನೆಯದು ಶುರುವಾದೊಡನೆ ಕೋಣೆಯ ಗಾಳಿಯೇ ಬೇರೆಯಾಗುತ್ತದೆ. ಯಾಕೆ ಎಂದು ಜನರೇ ಹೇಳಲಿ. ಅವಸರ ಮಾಡಬೇಡಿ. ಸಾಮಾನ್ಯವಾಗಿ ಮೊದಲು ಬರುವ ಉತ್ತರ ‘ಇದು ಇಂಗ್ಲಿಷ್ ಹಾಡಿನ ಹಾಗಿದೆ’ ಎಂಬುದು. ಅಷ್ಟಕ್ಕೇ ಬಿಡಬೇಡಿ, ಮತ್ತೆ ಮೊದಲಿನಿಂದ ಹಚ್ಚಿ ಎಲ್ಲರೂ ತೊಡೆಯ ಮೇಲೆ ತಾಳ ಹಾಕುವಂತೆ ಹೇಳಿ. ಡ್ರಮ್ ಪ್ರತಿ ಎಣಿಕೆಗೂ ಒಂದೇ ತೂಕದಲ್ಲಿ ಬೀಳುತ್ತದೆ. ಒಂದು ಪೆಟ್ಟು ಭಾರ, ಇನ್ನೊಂದು ಹಗುರ ಎಂಬ ಭೇದವಿಲ್ಲ. ನಮ್ಮ ಚಿತ್ರಗೀತೆಗಳಲ್ಲಿ ತಬಲಾ, ಢೋಲಕ್‌ಗಳು ಎಣಿಕೆಯ ನಡುವೆ ಮಾತಾಡುತ್ತಲೇ ಇರುತ್ತವೆ, ಸಾಲು ಬದಲಾದಾಗ ನಡೆಯೂ ಬದಲಾಗುತ್ತದೆ. ಇಲ್ಲಿ ನಡೆ ಬದಲಾಗುವುದೇ ಇಲ್ಲ. ಹಾಡಿನ ಮೊದಲಿನಿಂದ ಕೊನೆಯವರೆಗೆ ನೆಲ ಒಂದೇ ಸಮ. ಕಾಲಿಗೆ ಅನುಮಾನವೇ ಬಾರದ ಹಾಗೆ ಕಟ್ಟಿದ ಸಂಗೀತ ಇದು. ಡಿಸ್ಕೋ ಎಂಬುದರ ಗುಟ್ಟೇ ಅದು.

ಎರಡನೆಯ ಸಂಗತಿ ಧ್ವನಿ ಮುದ್ರಣದ್ದು. ಆಗ ಮುಂಬಯಿಯಲ್ಲಿ ದೊಡ್ಡ ವಾದ್ಯಮೇಳವನ್ನು ಒಂದೇ ಕೋಣೆಯಲ್ಲಿ ಕೂರಿಸಿ ಗಾಯಕರೊಡನೆ ಒಟ್ಟಿಗೇ ಮುದ್ರಿಸುವುದು ರೂಢಿ. ‘ಆಪ್ ಜೈಸಾ ಕೋಯಿ’ ಮುದ್ರಣವಾದದ್ದು ಲಂಡನ್ನಿನಲ್ಲಿ, ಬಹು ಟ್ರ್ಯಾಕ್ ಪದ್ಧತಿಯಲ್ಲಿ: ಡ್ರಮ್ ಬೇರೆ, ಬೇಸ್ ಬೇರೆ, ಧ್ವನಿ ಬೇರೆ, ಕೊನೆಗೆ ಎಲ್ಲವನ್ನೂ ಅಳೆದು ಬೆರೆಸಿದ್ದು. ಪಲ್ಲವಿಯನ್ನು ಗಮನವಿಟ್ಟು ಕೇಳಿದರೆ ಆಕೆಯ ಧ್ವನಿ ತನ್ನ ಮೇಲೆಯೇ ಇನ್ನೊಮ್ಮೆ ಕೂತಂತೆ, ಎರಡು ಪದರವಾಗಿ ಕೇಳುತ್ತದೆ. ಎಳೆಯ ಹುಡುಗಿಯ ಸಪೂರ ಧ್ವನಿಗೆ ಮೈ ತುಂಬಿಸಿದ ಉಪಾಯವದು. ಇದನ್ನು ಒಮ್ಮೆ ತೋರಿಸಿಕೊಟ್ಟರೆ ಜನ ಮುಂದಿನ ಹಾಡುಗಳಲ್ಲಿ ತಾವೇ ಹುಡುಕಲು ತೊಡಗುತ್ತಾರೆ.

ಗಮಕದ ತಕರಾರು ಬಂದೇ ಬರುತ್ತದೆ

ನಮ್ಮ ಕಡೆ ಯಾವ ಕೂಟದಲ್ಲೂ ಶಾಸ್ತ್ರೀಯ ಸಂಗೀತ ಕಲಿತವರು ಒಬ್ಬರಾದರೂ ಇರುತ್ತಾರೆ; ಗಮಕ, ಅಂದರೆ ಸ್ವರವನ್ನು ತೂಗಿ ಅಲುಗಿಸಿ ಹಾಡುವುದು, ಇಲ್ಲ ಎಂಬುದು ಅವರ ತಕರಾರು. ನಮ್ಮಲ್ಲಿ ಮಕ್ಕಳಿಗೆ ಪಾಠ ಹೇಳುವ ಒಬ್ಬ ಟೀಚರ್ ಬರುತ್ತಾರೆ. ನಾಜಿಯಾ ಹಾಡು ಮುಗಿದ ಕೂಡಲೇ, ‘ಅಲ್ಲಾ ಅಣ್ಣಾ, ಇದರಲ್ಲಿ ಹಾಡುಗಾರಿಕೆ ಎಲ್ಲಿದೆ? ಸ್ವರವೆಲ್ಲ ಕಡ್ಡಿಯ ಹಾಗೆ ನಿಂತಿದೆ’ ಎಂದರು. ‘ಟೀಚರ್, ನೀವು ಹೇಳುವುದು ಸರಿ. ಸಾಲಿನ ಕೊನೆಯಲ್ಲಿ ಏನು ಮಾಡುತ್ತಾರೆ ಅಷ್ಟು ನೋಡಿ ಹೇಳಿ’ ಎಂದು ಮತ್ತೆ ಹಚ್ಚಿದೆ. ಎರಡನೆಯ ಸಲ ಕೇಳಿ ಅವರೇ ಹೇಳಿದರು: ಸಾಲಿನ ಕೊನೆಯ ಸ್ವರವನ್ನು ಈಕೆ ಹಿಡಿದು ನಿಲ್ಲಿಸುವುದಿಲ್ಲ, ಉಸಿರಿನೊಡನೆ ಕೈಬಿಟ್ಟುಬಿಡುತ್ತಾಳೆ, ಪಕ್ಕದಲ್ಲಿ ಕೂತು ಮಾತಾಡುವಾಗ ನಾವು ಮಾತು ಮುಗಿಸುವುದೂ ಹೀಗೆಯೇ. ಅವರಿಗೆ ಹಾಡು ಈಗಲೂ ಇಷ್ಟವಿಲ್ಲ, ಆ ಮಾತು ಬೇರೆ. ಆದರೆ ಅವರು ಹೇಳಿದ್ದನ್ನು ನಾನು ಪ್ರತಿ ಊರಿನಲ್ಲೂ ಹೇಳುತ್ತೇನೆ.

ಯಾಕೆಂದರೆ ವಿಷಯದ ತಿರುಳು ಅಲ್ಲಿದೆ. ಲತಾ, ಆಶಾ ಇಬ್ಬರೂ ಪಳಗಿದ ಕಂಠದವರು. ಅವರು ಹಾಡುತ್ತಿದ್ದದ್ದು ತೆರೆಯ ಮೇಲಿನ ಪಾತ್ರಕ್ಕಾಗಿ. ನಾಜಿಯಾರ ಧ್ವನಿಯಲ್ಲಿ ಆ ಪಳಗುವಿಕೆಯಿಲ್ಲ. ಮೈಕ್ ಹತ್ತಿರ ನಿಂತು, ಗಂಟಲು ಏರಿಸದೆ, ತನ್ನದೇ ವಯಸ್ಸಿನ ಧ್ವನಿಯಲ್ಲಿ ಹಾಡಿದರು. 1980ರಲ್ಲಿ ಕಾಲೇಜಿನ ಹುಡುಗಿಯರು ಆ ಧ್ವನಿಯಲ್ಲಿ ಕೇಳಿದ್ದು ತಮ್ಮದೇ ಧ್ವನಿಯನ್ನು. ನನ್ನ ಅಂಗಡಿಗೆ ಬರುತ್ತಿದ್ದ ಹುಡುಗಿಯರು ಉಳಿದ ಹಾಡುಗಳನ್ನು ಕೇಳಿ ಹೋಗುತ್ತಿದ್ದರು, ಇದನ್ನು ಕೌಂಟರ್ ಮುಂದೆ ನಿಂತೇ ಗುನುಗುತ್ತಿದ್ದರು. ಹಾಡಲು ಬಾರದವರೂ ಗುನುಗಬಹುದಾದ ಹಾಡು ಅದು.

ಕಪಾಟಿನ ಸಮಸ್ಯೆ

ಮುಂದಿನ ಹಾಡು ‘ಡಿಸ್ಕೋ ದೀವಾನೆ’. ಇದನ್ನು ಕೇಳಿಸುವ ಮೊದಲು ಆ ಆಲ್ಬಂನ ಹೊದಿಕೆಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಎಲ್ಲರ ಕೈಗೂ ಸಾಗಿಸಿ. ಅದರ ಮೇಲಿರುವುದು ಅಕ್ಕ-ತಮ್ಮ ಇಬ್ಬರ ಮುಖ. ನಾಯಕನಿಲ್ಲ, ನಾಯಕಿಯಿಲ್ಲ, ಚಿತ್ರದ ಹೆಸರಿಲ್ಲ. ಇದರಲ್ಲೇನು ವಿಶೇಷ ಎಂದು ಇಂದಿನ ಹುಡುಗರು ಕೇಳುತ್ತಾರೆ. ಅವರಿಗೆ ನಾನು ನನ್ನ ಅಂಗಡಿಯ ಕಪಾಟಿನ ಕಥೆ ಹೇಳುತ್ತೇನೆ.

ಅಂಗಡಿಯಲ್ಲಿ ಕ್ಯಾಸೆಟ್ ಜೋಡಿಸುವುದಕ್ಕೆ ಒಂದು ಕಟ್ಟುಪಾಡಿತ್ತು. ಮೇಲಿನ ಸಾಲು ಭಕ್ತಿಗೀತೆ, ಅದರ ಕೆಳಗೆ ಕನ್ನಡ ಚಿತ್ರಗೀತೆ, ಆಮೇಲೆ ಹಿಂದಿ, ಎಲ್ಲವೂ ಚಿತ್ರದ ಹೆಸರಿನ ಪ್ರಕಾರ. ಪಕ್ಕದಲ್ಲಿ ಸಣ್ಣದೊಂದು ಖಾನೆ ಭಾವಗೀತೆಗೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಬಂದಿತ್ತಲ್ಲ, ಹಾಗಾಗಿ ಚಿತ್ರದ ಹಂಗಿಲ್ಲದ ಹಾಡು ಕನ್ನಡಿಗರಿಗೆ ಹೊಸತೇನಲ್ಲ. ಅಲ್ಲಿ ಜನ ಹುಡುಕಿಕೊಂಡು ಬರುತ್ತಿದ್ದದ್ದು ಕವಿಯನ್ನು. ‘ಡಿಸ್ಕೋ ದೀವಾನೆ’ ಬಂದಾಗ ಅದನ್ನು ಎಲ್ಲಿಡಬೇಕೆಂಬುದೇ ತೋಚಲಿಲ್ಲ: ಭಾಷೆ ಹಿಂದೂಸ್ತಾನಿ, ಚಿತ್ರ ಇಲ್ಲ, ಕವಿಯ ಹೆಸರು ಯಾರಿಗೂ ಬೇಕಿಲ್ಲ. ಗಿರಾಕಿಗಳು ಬಂದು ಕೇಳುತ್ತಿದ್ದದ್ದು ‘ನಾಜಿಯಾ ಇದೆಯಾ?’ ಎಂದು. ಕೊನೆಗೆ ಹಣದ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟೆವು. ಹಾಡಿದವರ ಹೆಸರು ಹಿಡಿದು, ಅವರ ಮುಖ ನೋಡಿ, ಚಿತ್ರವಿಲ್ಲದೆ ಕುಣಿಯುವ ಹಾಡನ್ನು ಕೊಳ್ಳುವ ಚಟ ನಮ್ಮ ಊರುಗಳಿಗೆ ಹತ್ತಿದ್ದು ಹೀಗೆ. ಪಾಪ್ ಗಾಯಕಿ ಎಂದರೆ ಏನು ಎಂದು ಕೇಳಿದರೆ ಇದಕ್ಕಿಂತ ಚೆನ್ನಾದ ವಿವರಣೆ ನನ್ನ ಬಳಿಯಿಲ್ಲ.

ಈ ಆಲ್ಬಂನಿಂದ ಶೀರ್ಷಿಕೆ ಹಾಡಿನ ಜೊತೆಗೆ ‘ಆವೋ ನಾ’ ಕೇಳಿಸಿ. ‘ಬೂಮ್ ಬೂಮ್’ ಮುಂದಿನದು; ಅದೇ ಹಾಡುಗಳನ್ನು 1982ರ ‘ಸ್ಟಾರ್’ ಎಂಬ ಚಿತ್ರಕ್ಕೆ ಬಳಸಿಕೊಂಡರು. ಚಿತ್ರ ನೆನಪಿರುವವರು ನಿಮ್ಮ ಕೂಟದಲ್ಲಿ ಇರಲಾರರು, ಹಾಡು ಎಲ್ಲರಿಗೂ ನೆನಪಿರುತ್ತದೆ. ‘ಯಂಗ್ ತರಂಗ್’ನಿಂದ ‘ಆಂಖೇ ಮಿಲಾನೇ ವಾಲೇ’ ಸಾಕು. ಆ ಆಲ್ಬಂನ ಹೆಸರು ಉಳಿದಿರುವುದು ಅದರ ಹಾಡುಗಳಿಗೆ ಮಾಡಿಸಿದ ವಿಡಿಯೊಗಳಿಂದಾಗಿ. ಪ್ರೊಜೆಕ್ಟರ್ ತಂದಿದ್ದರೆ ಈಗ ಹಚ್ಚಿ, ಇಲ್ಲಿ ಮುಖವೂ ಧ್ವನಿಯೂ ಒಬ್ಬರದ್ದೇ. ಕೊನೆಯ ಎರಡು ಆಲ್ಬಂಗಳನ್ನು ನಾನು ಹೆಸರಿಸಿ ಮುಂದೆ ಹೋಗುತ್ತೇನೆ. ‘ಕ್ಯಾಮೆರಾ ಕ್ಯಾಮೆರಾ’ವನ್ನು ಮಾದಕವಸ್ತು ವಿರೋಧಿ ಪ್ರಚಾರಕ್ಕೆ ಜೋಡಿಸಿದ್ದರು ಎಂಬುದನ್ನು ಹೇಳಿದರೆ ಸಾಕು.

ಬೆಂಗಳೂರಿನ ಇಬ್ಬರು

ಇಷ್ಟು ಹೊತ್ತು ಸಂಗೀತ ನಿರ್ದೇಶಕರ ಹೆಸರು ಹೇಳದೆ ಇಟ್ಟುಕೊಳ್ಳಿ. ಯಾರಾದರೂ ಕೇಳಿದರೂ ‘ತಡೆಯಿರಿ’ ಎನ್ನಿ. ಈಗ ಹೇಳಿ: ‘ಆಪ್ ಜೈಸಾ ಕೋಯಿ’ ಕಟ್ಟಿದವರು, ‘ಡಿಸ್ಕೋ ದೀವಾನೆ’ ನಿರ್ಮಿಸಿದವರು ಬಿದ್ದು ಅಪ್ಪಯ್ಯ. ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ. ಅಲ್ಲೇ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿಕೊಂಡು ಇಂಗ್ಲಿಷ್ ಹಾಡು ಹಾಡುತ್ತಿದ್ದ ಹುಡುಗ 1960ರ ದಶಕದಲ್ಲಿ ಲಂಡನ್ನಿಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತಲ್ಲ, ಅದರ ನಿರ್ಮಾಪಕರೂ ಅವರೇ. ನಾಜಿಯಾ ಅವರಲ್ಲಿಗೆ ಬಂದದ್ದು ಫಿರೋಜ್ ಖಾನ್ ಮೂಲಕ. ‘ಕುರ್ಬಾನಿ’ಯ ನಿರ್ದೇಶಕ, ನಾಯಕ. ಅವರು ಹುಟ್ಟಿದ್ದೂ ಬೆಂಗಳೂರಿನಲ್ಲೇ.

ಈ ಘಟ್ಟದಲ್ಲಿ ಕೋಣೆಯಲ್ಲಿ ಖುಷಿಯ ಗದ್ದಲವಾಗುತ್ತದೆ. ಆಗಲಿ, ಆದರೆ ಎರಡು ನಿಮಿಷಕ್ಕೆ ನಿಲ್ಲಿಸಿ. ಇಲ್ಲದಿದ್ದರೆ ‘ಎಲ್ಲ ನಮ್ಮವರೇ ಮಾಡಿದ್ದು’ ಎಂಬಲ್ಲಿಗೆ ಮಾತು ಹೋಗಿ ಕರಾಚಿಯ ಹುಡುಗಿ ಮೂಲೆ ಸೇರುತ್ತಾರೆ. ಅಪ್ಪಯ್ಯನವರ ಬಳಿ ತಾಳವಿತ್ತು, ಯಂತ್ರವಿತ್ತು, ಲಂಡನ್ನಿನ ಅನುಭವವಿತ್ತು. ಆ ಧ್ವನಿಯೊಂದನ್ನು ಅವರು ಕಟ್ಟಲು ಆಗುತ್ತಿರಲಿಲ್ಲ.

ಗಡಿಯಾಚೆಯ ಪ್ರಶ್ನೆ

‘ಪಾಕಿಸ್ತಾನದವರ ಹಾಡು ಯಾಕೆ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆಯನ್ನು ತಪ್ಪಿಸಬೇಡಿ, ವಾದಕ್ಕೂ ಇಳಿಯಬೇಡಿ. ಆಕೆಗೆ ಪ್ರಶಸ್ತಿ ಕೊಟ್ಟಿದ್ದು ಮುಂಬಯಿ, ಆಕೆಯ ಕ್ಯಾಸೆಟ್ ಕೊಂಡಿದ್ದು ನಮ್ಮ ಊರಿನ ಜನ ಎಂದಷ್ಟೇ ಹೇಳಿ ಆಕೆಯ ದೇಶದೊಳಗಿನ ಕಥೆಗೆ ಬನ್ನಿ, ಏಕೆಂದರೆ ಪ್ರಭಾವದ ದೊಡ್ಡ ಪಾಲು ಇರುವುದು ಅಲ್ಲೇ. 1977ರಿಂದ 1988ರವರೆಗೆ ಅಲ್ಲಿ ಜನರಲ್ ಜಿಯಾ ಉಲ್ ಹಕ್ ಆಡಳಿತ. ಟಿವಿ ಎಂದರೆ ಸರ್ಕಾರಿ ಟಿವಿ; ಹುಡುಗಿಯೊಬ್ಬಳು ಡಿಸ್ಕೋ ತಾಳಕ್ಕೆ ಹಾಡುವುದು ಆ ಆಡಳಿತದ ಅಭಿರುಚಿಗೆ ಒಗ್ಗುವ ಸಂಗತಿಯಲ್ಲ. ನಾಜಿಯಾ, ಜೋಹೇಬ್ ಹಾಡುಗಳು ಆ ವರ್ಷಗಳಲ್ಲೇ ಅಲ್ಲಿನ ಮನೆಮನೆ ಸೇರಿದವು. 1989ರಲ್ಲಿ, ಜಿಯಾ ಕಾಲ ಮುಗಿದು ಬೆನಜೀರ್ ಭುಟ್ಟೊ ಪ್ರಧಾನಿಯಾಗಿದ್ದಾಗ, ಶೋಯೆಬ್ ಮನ್ಸೂರ್ ರೂಪಿಸಿದ ‘ಮ್ಯೂಸಿಕ್ 89’ ಎಂಬ ಕಾರ್ಯಕ್ರಮವನ್ನು ಸರ್ಕಾರಿ ಟಿವಿ ಪ್ರಸಾರ ಮಾಡಿತು. ನಡೆಸಿಕೊಟ್ಟವರು ಇದೇ ಅಕ್ಕ-ತಮ್ಮ. ‘ವೈಟಲ್ ಸೈನ್ಸ್’ನಂಥ ಹೊಸ ತಂಡಗಳು ಆ ವೇದಿಕೆಯ ಮೇಲೆ ಹಾಡಿದವು. ಪಾಕಿಸ್ತಾನದ ಪಾಪ್ ಸಂಗೀತವನ್ನು ಮೆಚ್ಚುವವರು ಈಗಲೂ ವಂಶಾವಳಿ ಎಣಿಸುವುದು ನಾಜಿಯಾರಿಂದ. ಸರ್ಕಾರ 2002ರಲ್ಲಿ ಮರಣೋತ್ತರವಾಗಿ ‘ಪ್ರೈಡ್ ಆಫ್ ಪರ್ಫಾರ್ಮೆನ್ಸ್’ ಗೌರವ ನೀಡಿತು.

ಭಾರತದ ಕಡೆಯ ಎಳೆಯನ್ನು ತೋರಿಸಲು ಅಲೀಶಾ ಚಿನಾಯ್ ಅವರ 1995ರ ‘ಮೇಡ್ ಇನ್ ಇಂಡಿಯಾ’ ಹಚ್ಚಿ. ಸಂಗೀತ ಮತ್ತೆ ಅಪ್ಪಯ್ಯನವರದ್ದೇ. ಹದಿನಾಲ್ಕು ವರ್ಷದ ಹಿಂದಿನ ‘ಡಿಸ್ಕೋ ದೀವಾನೆ’ಯ ಪಕ್ಕದಲ್ಲಿ ಅದನ್ನು ಕೇಳಿದರೆ ದಾರಿ ಎಲ್ಲಿಂದ ಎಲ್ಲಿಗೆ ಬಂತು ಎಂಬುದು ತಿಳಿಯುತ್ತದೆ. ಆ ಹಾಡನ್ನು ಮೊದಲು ನಾಜಿಯಾರಿಗೆ ಕೊಡಲಾಗಿತ್ತು, ತನ್ನ ದೇಶದವರು ನೊಂದಾರೆಂದು ಅವರು ಒಲ್ಲೆನೆಂದರು ಎಂಬ ಮಾತು ಪ್ರಚಾರದಲ್ಲಿದೆ. ಹೇಳಬಹುದು, ‘ಹೀಗೆನ್ನುತ್ತಾರೆ’ ಎಂದು ಸೇರಿಸಿ ಹೇಳಿ.

ಮಾರಾಟದ ಅಂಕಿಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಒಂದೇ ದಿನದಲ್ಲಿ ಇಷ್ಟು ಲಕ್ಷ ಪ್ರತಿ, ಬ್ರೆಜಿಲ್‌ನಲ್ಲಿ ಮೊದಲ ಸ್ಥಾನ, ಇಷ್ಟು ದೇಶಗಳಲ್ಲಿ ದಾಖಲೆ ಎಂದೆಲ್ಲ ಓದಲು ಸಿಗುತ್ತದೆ; ಒಂದು ಕಡೆಯ ಸಂಖ್ಯೆ ಇನ್ನೊಂದು ಕಡೆ ಇರುವುದಿಲ್ಲ. ಕ್ಯಾಸೆಟ್ ಕಾಲದ ಮಾರಾಟದ ಲೆಕ್ಕ ಅಂಗಡಿಯವನಾಗಿ ನನಗೆ ಗೊತ್ತು. ಕಂಪನಿಯ ಒಂದು ಪ್ರತಿ ಊರಿಗೆ ಬಂದರೆ ಅದರಿಂದ ಡೆಕ್‌ನಲ್ಲಿ ಎಷ್ಟು ಖಾಲಿ ಕ್ಯಾಸೆಟ್ ತುಂಬಿಸಿ ಕೊಡುತ್ತಿದ್ದರು ಎಂಬುದಕ್ಕೆ ಯಾವ ಪುಸ್ತಕದಲ್ಲೂ ಲೆಕ್ಕವಿಲ್ಲ. ಸಂಖ್ಯೆ ಬಿಡಿ, ಹಾಡು ಕೇಳಿಸಿ.

ಕೊನೆಯ ಕಾಲು ಗಂಟೆ

ಇನ್ನು ಉಳಿದಿರುವುದು ಮರುಬಳಕೆಗಳು. 2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರದ ಡಿಸ್ಕೋ ಹಾಡಿನಲ್ಲಿ ನಾಜಿಯಾರ ಮೂಲ ಧ್ವನಿಯನ್ನೇ ಸುನಿಧಿ ಚೌಹಾನ್, ಬೆನ್ನಿ ದಯಾಳ್ ಧ್ವನಿಗಳ ಜೊತೆ ಸೇರಿಸಿದ್ದಾರೆ. 2022ರ ‘ಆ್ಯನ್ ಆ್ಯಕ್ಷನ್ ಹೀರೋ’ದಲ್ಲಿ ‘ಆಪ್ ಜೈಸಾ ಕೋಯಿ’ ಹೊಸ ಧ್ವನಿಯಲ್ಲಿದೆ. ಎರಡನ್ನೂ ಒಂದೊಂದು ನಿಮಿಷ ಕೇಳಿಸಿ. ಹೊಸದರ ಬೇಸ್ ಹೆಚ್ಚು ದಪ್ಪ, ಶಬ್ದ ಹೆಚ್ಚು ಜೋರು. 2012ರ ಹಾಡಿನಲ್ಲಿ ನಾಜಿಯಾರ ಧ್ವನಿ ಬರುವ ಕಡೆ ಮಾತ್ರ ಸ್ಪೀಕರ್‌ನ ಶಬ್ದವನ್ನು ಚೂರು ತಗ್ಗಿಸಿ, ಸಾಲಿನ ಕೊನೆಯಲ್ಲಿ ಸ್ವರ ಕೈಬಿಡುವ ಆ ಗುಣ ಎಷ್ಟು ಉಳಿದಿದೆ ನೋಡಿ ಎನ್ನಿ. ಜಗಳ ಶುರುವಾಗುತ್ತದೆ: ಹಿರಿಯರು ಹೊಸದನ್ನು ಬೈಯುತ್ತಾರೆ, ಹುಡುಗರು ಹೊಸದರಿಂದಲೇ ಹಳೆಯದು ತಮಗೆ ಗೊತ್ತಾದದ್ದು ಎನ್ನುತ್ತಾರೆ. ನೀವು ಯಾರ ಪಕ್ಷವನ್ನೂ ವಹಿಸಬೇಡಿ. ನನ್ನ ಅಭಿಪ್ರಾಯ ಕೇಳಿದರೆ ಹುಡುಗರ ಮಾತಿನಲ್ಲಿ ಹುರುಳಿದೆ.

ತೀರಿಕೊಂಡ ವಿಷಯವನ್ನು ಈಗ, ಒಂದೇ ವಾಕ್ಯದಲ್ಲಿ, ಹಾಡಿನ ಹಿನ್ನೆಲೆಯಿಲ್ಲದೆ ಹೇಳಿ. ಕೊನೆಯ ವರ್ಷಗಳ ಸಂಸಾರದ ವಿಚಾರ ಯಾರಾದರೂ ಎತ್ತಿದರೆ, ಅದು ಈ ಕೂಟದ ವಿಷಯವಲ್ಲ ಎಂದು ಮುಗಿಸಿ.

ಮನೆಗೆ ಹೊರಡುವಾಗ ಎಲ್ಲರೂ ಹಾಡಿನ ಹೆಸರು ಕೇಳುತ್ತಾರೆ. ಹಾಡು, ಆಲ್ಬಂ, ವರ್ಷ ಇಷ್ಟನ್ನು ಕನ್ನಡದಲ್ಲಿ ಬರೆದ ಚೀಟಿಗಳನ್ನು ಮೊದಲೇ ಜೆರಾಕ್ಸ್ ಮಾಡಿಸಿಟ್ಟಿರಿ, ಬಂದವರಿಗಿಂತ ಹತ್ತು ಹೆಚ್ಚು. ಬಾರದ ಅಕ್ಕನಿಗೆ, ಅತ್ತಿಗೆಗೆ ಎಂದು ಎರಡೆರಡು ಒಯ್ಯುವವರು ಇದ್ದೇ ಇರುತ್ತಾರೆ.